ನನ್ನ ಮೈಯೊಳಗಿನ ಸೂಜಿ

ಹಾಜರಿ ರಿಜಿಸ್ಟರ್ ಎಲ್ಲ ಕಂಪನಿಗಳಲ್ಲೂ ಇರುತ್ತದೆ. ನಮ್ಮ ಕಂಪನಿಯಲ್ಲಿ ಮುರಿದ ಸೂಜಿಗಳಿಗೂ ಒಂದು ರಿಜಿಸ್ಟರ್ ಇದೆ. ತಿರುಪ್ಪೂರಿನಲ್ಲಿ ಬನಿಯನ್ನು, ಮಕ್ಕಳ ಅಂಗಿ ಹೊಲಿದು ಹೊರದೇಶಕ್ಕೆ ಕಳಿಸುವ ಯಾವ ಕಂಪನಿಗೆ ಹೋದರೂ ಇಂಥದ್ದೊಂದು ಸಿಗುತ್ತದೆ. ಹೊಲಿಯುವಾಗ ಸೂಜಿ ಮುರಿಯಿತೋ, ಟೈಲರ್ ಕೆಲಸ ನಿಲ್ಲಿಸಿ ಏಳಬೇಕು. ತುಣುಕುಗಳನ್ನೆಲ್ಲ ಹುಡುಕಿ, ಜೋಡಿಸಿ, ಪೂರ್ತಿ ಸೂಜಿ ಸಿಕ್ಕಿತೆಂದು ತೋರಿಸಿ, ಹಾಳೆಯ ಮೇಲೆ ಟೇಪು ಹಾಕಿ ಅಂಟಿಸಬೇಕು. ಆಮೇಲೆಯೇ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಹೊತ್ತು ಹೊಲಿದ ಬಟ್ಟೆಯೆಲ್ಲ ಪಕ್ಕಕ್ಕೆ ಹೋಗುತ್ತದೆ. ಎಲ್ಲಿಯದೋ ದೇಶದ ಯಾವುದೋ ಮಗುವಿನ ಕುತ್ತಿಗೆಗೆ ಅದು ಚುಚ್ಚಬಾರದಲ್ಲ. ಪ್ರತಿ ಹಾಳೆಯ ಕೊನೆಯಲ್ಲಿ ಕ್ವಾಲಿಟಿ ಮ್ಯಾನೇಜರರ ಸಹಿ, ಅಂದರೆ ನನ್ನ ಸಹಿ. ಹೊಲಿಗೆಯ ಹೆಂಗಸರು ನಾನಿಲ್ಲದಾಗ ನನ್ನನ್ನು ಊಸಿ ಸಾರ್ ಎನ್ನುತ್ತಾರೆಂದು ಗೊತ್ತು. ಊಸಿ ಎಂದರೆ ತಮಿಳಿನಲ್ಲಿ ಸೂಜಿ. ಮೂರು ತಲೆಮಾರಿನಿಂದ ಕೊಯಮತ್ತೂರು ಸೀಮೆಯಲ್ಲಿರುವ ನಮ್ಮ ಮನೆಯ ಕನ್ನಡದಲ್ಲೂ ಅದು ಊಸಿಯೇ.

ಇಷ್ಟೆಲ್ಲ ಕಟ್ಟುನಿಟ್ಟು ಮಾಡುವ ಈ ಊಸಿ ಸಾರ್ ಮೈಯಲ್ಲೇ ನಲವತ್ತೆರಡು ವರ್ಷಗಳಿಂದ ಒಂದು ಸೂಜಿಯ ತುಣುಕು ಇದೆ ಎಂದು ನಮ್ಮ ಮನೆಯವರೆಲ್ಲ ನಂಬಿದ್ದರು. ಅದರ ನಿಜ ಬಯಲಿಗೆ ಬಂದದ್ದು ಎರಡು ಸಾವಿರದ ಏಳರಲ್ಲಿ, ಒಂದು ಎಂ.ಆರ್.ಐ. ಸ್ಕ್ಯಾನಿನ ದೆಸೆಯಿಂದ.

ನಮ್ಮ ಮೊದಲಾಳಿಯ, ಎಂದರೆ ಕಂಪನಿ ಮಾಲೀಕರ, ಭಾವಮೈದುನ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು ಆರೇ ತಿಂಗಳಲ್ಲಿ ತೀರಿಕೊಂಡಿದ್ದರು. ಕಾಯಿಲೆ ಗೊತ್ತಾದಾಗ ಹೊತ್ತು ಮೀರಿತ್ತು. ಮೊದಲಾಳಿ ಹೆದರಿಬಿಟ್ಟರು. ತಮ್ಮ ಹೆದರಿಕೆಯಲ್ಲಿ ನಮಗೂ ಪಾಲು ಕೊಟ್ಟು, ಐವತ್ತು ತುಂಬಿದ ಮ್ಯಾನೇಜರುಗಳೆಲ್ಲ ಕೊಯಮತ್ತೂರಿನಲ್ಲಿ ಹೊಸದಾಗಿ ಶುರುವಾದ ಸ್ಕ್ಯಾನ್ ಸೆಂಟರಿಗೆ ಹೋಗಿ, ನೆತ್ತಿಯಿಂದ ಪಾದದವರೆಗೆ ಮೈ ಪೂರ್ತಿ ನೋಡಿಸಿಕೊಂಡು ಬರಬೇಕೆಂದು ಏರ್ಪಾಡು ಮಾಡಿದರು. ರೋಗ ತಾನಾಗಿ ಬಾಯಿ ಬಿಡುವ ಮೊದಲೇ ಹಿಡಿದುಬಿಡುವುದಂತೆ. ನನಗೆ ಆ ಮಾತು ಚೆನ್ನಾಗಿ ಅರ್ಥವಾಯಿತು. ಬಟ್ಟೆ ಹೆಣೆಯುವ ಮೆಷಿನ್ನಿನಲ್ಲಿ ಒಂದು ಸೂಜಿ ಕೆಟ್ಟರೆ ಬಟ್ಟೆಯ ಉದ್ದಕ್ಕೂ ಕೂದಲಿನಷ್ಟು ಸಣ್ಣ ಗೆರೆ ಬೀಳುತ್ತದೆ. ಮೊದಲ ಮೀಟರಿನಲ್ಲೇ ಕಂಡರೆ ಮೆಷಿನ್ ನಿಲ್ಲಿಸಿ ಸೂಜಿ ಬದಲಾಯಿಸಬಹುದು. ಕಾಣದೆ ಹೋದರೆ ಇಡೀ ಸುರುಳಿ ದಂಡ. ಇಪ್ಪತ್ತೈದು ವರ್ಷ ಬೆಳಕಿನ ಗಾಜಿನ ಮೇಲೆ ಹರಿಯುವ ಬಟ್ಟೆಯನ್ನು ನೋಡುತ್ತ ನಿಂತ ನಾನು, ಈಗ ಒಮ್ಮೆ ಬಟ್ಟೆಯ ಜಾಗದಲ್ಲಿ ಮಲಗಿ ನೋಡೋಣವೆಂದುಕೊಂಡೆ.

ಒಂದು ಗುರುವಾರ ಬೆಳಿಗ್ಗೆ, ಆರ್.ಎಸ್. ಪುರಂನ ನಮ್ಮ ಮನೆಯಿಂದ ಆಟೋ ಹಿಡಿದು ಹೋದೆವು. ನಾವು ಎಂದರೆ ನಾನು ಮತ್ತು ನನ್ನ ಹೆಂಡತಿ ವತ್ಸಲಾ. ಅವಳದು ಚಾಮರಾಜನಗರ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಕನ್ನಡ ಕೇಳಿ ಮೂರು ದಿನ ನಕ್ಕಿದ್ದಳು. ನಾಲ್ಕನೆಯ ದಿನ ತಿದ್ದಲು ಶುರುಮಾಡಿದವಳು ಇನ್ನೂ ನಿಲ್ಲಿಸಿಲ್ಲ. ಸೆಂಟರಿನಲ್ಲಿ ಬಿಳಿ ಕೋಟಿನ ಹುಡುಗಿಯೊಬ್ಬಳು ಉದ್ದದ ಫಾರಂ ಹಿಡಿದು ಕೂತಿದ್ದಳು. ನಮ್ಮ ಕಡೆಯ ತಮಿಳಿನ ಮರ್ಯಾದೆಯೆಲ್ಲ ಸೇರಿಸಿ ಕೇಳಿದಳು:

"ಉಡಂಬುಲ ಇರುಂಬು ಏದಾವದು ಇರುಕ್ಕುಂಗಳಾ ಸಾರ್?"

ಮೈಯಲ್ಲಿ ಕಬ್ಬಿಣ ಏನಾದರೂ ಇದೆಯೇ ಎಂದು. ಆ ಯಂತ್ರ ದೊಡ್ಡ ಅಯಸ್ಕಾಂತ, ಮೈಯೊಳಗೆ ಕಬ್ಬಿಣವಿದ್ದರೆ ಎಳೆದಾಡಿ ಅಪಾಯ ಮಾಡುತ್ತದೆ. ನಾನು ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ವತ್ಸಲಾ ಮುಂದೆ ಬಾಗಿದಳು.

"ಇದೆ, ಇದೆ. ಇವರ ಬೆನ್ನಲ್ಲಿ ಸೂಜಿ ಇದೆ. ಎಂಟು ವರ್ಷದವರಿದ್ದಾಗ ಹೋಗಿದ್ದು." ಆ ಹುಡುಗಿಗೆ ಅರ್ಥವಾಗಲಿಲ್ಲವೆಂದು ಕಂಡು ತಮಿಳಿಗೆ ತಿರುಗಿದಳು. "ಊಸಿ. ಉಳ್ಳೇ ಪೋಯಿಡುಚ್ಚು. ವೆಳಿಯೇ ವರವೇ ಇಲ್ಲೆ."

ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ ಎನ್ನುವಾಗ ಅವಳ ದನಿಯಲ್ಲಿ ಸಣ್ಣ ಹೆಮ್ಮೆಯೂ ಇತ್ತು. ನಮ್ಮ ಮನೆಗೆ ಬಂದ ಸೊಸೆಯಂದಿರಿಗೆಲ್ಲ ಒಡವೆಯ ಜೊತೆ ಹಸ್ತಾಂತರವಾದ ಕಥೆ ಅದು. ಹುಡುಗಿಯ ಪೆನ್ನು ನಿಂತಿತು. ಅವಳು ಒಳಗೆ ಹೋಗಿ ಡಾಕ್ಟರನ್ನು ಕೇಳಿ ಬಂದು, ಮೊದಲು ಎಕ್ಸ್‌ರೇ ತೆಗೆದು ಸೂಜಿ ಎಲ್ಲಿದೆ ನೋಡಬೇಕು, ಅದಾಗದೆ ಸ್ಕ್ಯಾನ್ ಇಲ್ಲ ಎಂದಳು. ನಾನು ಆಗಲೇ ನಿಜ ಹೇಳಿಬಿಡಬಹುದಿತ್ತು. ನನ್ನ ಮೈಯಲ್ಲಿ ಸೂಜಿ ಇಲ್ಲವೆಂದು ಈ ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಹೇಳಲಿಲ್ಲ. ಎಕ್ಸ್‌ರೇ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತು ಅಜ್ಜಿಯನ್ನು ನೆನೆಯತೊಡಗಿದೆ.

ಅಜ್ಜಿ ಎಂದರೆ ಅಪ್ಪನ ಅಮ್ಮ. ಅವಳ ತವರು ಕೊಳ್ಳೇಗಾಲ. ಆಗ ಕೊಳ್ಳೇಗಾಲವೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಧಾರಾಪುರಂಗೆ ಮದುವೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ತಿರುಪ್ಪೂರಿನಲ್ಲಿ ನಮ್ಮ ಜೊತೆಗಿದ್ದಳು. ಅಪ್ಪ ಒಂದು ಬನಿಯನ್ ಮಿಲ್ಲಿನಲ್ಲಿ ಫಿಟ್ಟರ್. ಮೆಷಿನ್ನಿನಿಂದ ತೆಗೆದು ಬಿಸಾಡುವ ಹಳೆಯ ಸೂಜಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಮನೆಗೆ ತರುತ್ತಿದ್ದ. ಹೊಲಿಗೆಯ ಸೂಜಿಯಂತಲ್ಲ ಅವು. ಕಡ್ಡಿಯಷ್ಟು ಉದ್ದ, ತುದಿಯಲ್ಲಿ ಮೀನಿನ ಗಾಳದಂಥ ಪುಟ್ಟ ಕೊಕ್ಕೆ. ನಮ್ಮ ಮನೆಯಲ್ಲಿ ಲಾಡಿ ಪೋಣಿಸುವುದರಿಂದ ಹಿಡಿದು ಒಲೆಯ ಬರ್ನರು ಚುಚ್ಚುವವರೆಗೆ ಎಲ್ಲಕ್ಕೂ ಅವೇ. ನನಗೆ ಅವು ಬಾಣಗಳಾಗಿದ್ದವು. ಐದಾರು ಸೂಜಿಗಳನ್ನು ಕಾಲರಿನ ಹಿಂದೆ ಬತ್ತಳಿಕೆಯ ಹಾಗೆ ಸಿಕ್ಕಿಸಿಕೊಂಡು, ಹಿತ್ತಿಲ ಬಾಳೆಗಿಡವೆಂಬ ರಾವಣನ ಮೇಲೆ ಯುದ್ಧಕ್ಕೆ ಹೋಗುವುದು ನನ್ನ ದಿನಚರಿ.

ಒಂದು ದಿನ ಜಗಲಿಯಿಂದ ಹಾರಿದ ಶ್ರೀರಾಮಚಂದ್ರ ಬೆನ್ನು ಕೆಳಗಾಗಿ ಬಿದ್ದ. ಅವನ ಬಾಣ ಅವನಿಗೇ ಚುಚ್ಚಿತು. ಅಜ್ಜಿ ಓಡಿ ಬಂದು, ಹೆಗಲ ಮೂಳೆಯ ಕೆಳಗೆ ನೆಟ್ಟಿದ್ದ ಸೂಜಿಯನ್ನು ಕಿತ್ತಳು. ನೋಡಿದರೆ ಅದರ ತುದಿಯಲ್ಲಿ ಕೊಕ್ಕೆ ಇರಲಿಲ್ಲ. ಮನೆಯಲ್ಲಿ ಗದ್ದಲವೋ ಗದ್ದಲ. ಬೀದಿಯ ಡಾಕ್ಟರು ಗಾಯ ತೊಳೆದು, ಚುಚ್ಚುಮದ್ದು ಕೊಟ್ಟು, ಊದಿಕೊಂಡರೆ ಕೊಯಮತ್ತೂರಿಗೆ ಕರೆದುಕೊಂಡು ಹೋಗಿ ಎಂದರು. ಊದಿಕೊಳ್ಳಲಿಲ್ಲ. ಆದರೆ ಒಳಗೆ ಹೋದ ಊಸಿ ಸುಮ್ಮನಿರುವುದಿಲ್ಲ, ರಕ್ತದ ಜೊತೆ ನಡೆದು ನಡೆದು ಒಂದು ದಿನ ಎದೆಗೆ ಹೋಗಿ ಚುಚ್ಚುತ್ತದೆ ಎಂದು ಪಕ್ಕದ ಮನೆಯ ಹೆಂಗಸು ಅಜ್ಜಿಯ ಕಿವಿಯಲ್ಲಿ ಹಾಕಿಹೋದಳು. ಅಲ್ಲಿಗೆ ಅಜ್ಜಿಯ ನೆಮ್ಮದಿ ಹೋಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಆ ವರ್ಷ ನನ್ನ ತಮ್ಮ ಏಳು ತಿಂಗಳಿಗೇ ಹುಟ್ಟಿದ್ದ. ಅಂಗೈಯಗಲದ ಮಗು. ಅಮ್ಮನ ಮಡಿಲು ಬಿಟ್ಟರೆ ಅಜ್ಜಿಯ ಮಡಿಲು, ಅಜ್ಜಿಯ ಮಡಿಲು ಬಿಟ್ಟರೆ ಅಮ್ಮನದು. ಅಕ್ಕ, ಅಣ್ಣ ದೊಡ್ಡವರು, ಅವರಿಗೆ ಅದರ ಚಿಂತೆಯಿರಲಿಲ್ಲ. ನಡುವೆ ಸಿಕ್ಕಿಕೊಂಡವನು ನಾನು. ನನ್ನನ್ನು ಯಾರೂ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಮುಟ್ಟುತ್ತಲೂ ಇರಲಿಲ್ಲ. ಎಂಟು ವರ್ಷದ ಗಂಡುಹುಡುಗ ನನ್ನನ್ನು ಎತ್ತಿಕೊಳ್ಳಿ ಎಂದು ಕೇಳುವುದು ಹೇಗೆ, ನೀವೇ ಹೇಳಿ.

ಸೂಜಿ ಚುಚ್ಚಿದ ಮರುದಿನ ಅಜ್ಜಿ ಮಗುವನ್ನು ಅಮ್ಮನಿಗೆ ಕೊಟ್ಟು, ನನ್ನನ್ನು ಬಚ್ಚಲಿಗೆ ಕರೆದಳು. ಎಳ್ಳೆಣ್ಣೆ ಕಾಯಿಸಿ ತಂದು, ಮಣೆಯ ಮೇಲೆ ಕೂರಿಸಿ, ಹೆಗಲಿನಿಂದ ಶುರುಮಾಡಿ ಹೆಬ್ಬೆರಳಿನಲ್ಲಿ ಅಂಗುಲ ಅಂಗುಲವಾಗಿ ಒತ್ತುತ್ತ ಬಂದಳು. "ಇಲ್ಲಿ ನೋಯ್ತದಾ ಕಣ್ಣು? ಇಲ್ಲಿ? ಇಲ್ಲಿ ಪಾರು, ಇಲ್ಲಿ?" ಕಣ್ಣು ಎಂದರೆ ನಾನೇ, ಅವಳ ಮುದ್ದಿನ ಕರೆ; ಪಾರು ಎಂದರೆ ತಮಿಳಿನಲ್ಲಿ ನೋಡು. ಬೆನ್ನು, ಪಕ್ಕೆ, ತೋಳು, ಕಂಕುಳು, ತೊಡೆ, ಕಾಲಿನ ಬೆರಳಿನವರೆಗೆ. ಆಮೇಲೆ ಅರಪ್ಪು ಪುಡಿ ಕಲಸಿ ಮೈಗೆಲ್ಲ ತಿಕ್ಕಿ, ಬಿಸಿನೀರು ಹುಯ್ದಳು. ಅರಪ್ಪು ಎಂದರೆ ಸೀಗೆಕಾಯಿಯ ಹಾಗೆ ಎಣ್ಣೆ ತೆಗೆಯುವ ಹಸುರು ಸೊಪ್ಪಿನ ಪುಡಿ, ನಮ್ಮ ಕಡೆ ಎಲ್ಲರ ಬಚ್ಚಲಲ್ಲೂ ಇರುತ್ತಿತ್ತು.

ಮೂರನೆಯ ದಿನ, ಒಗೆದು ಒಣಗಿಸಿದ್ದ ಆ ಅಂಗಿಯನ್ನು ತೊಡುವಾಗ ಕಾಲರಿನ ಮಡಿಕೆಯಲ್ಲಿ ಏನೋ ಬೆರಳಿಗೆ ತಾಗಿತು. ಬಿಡಿಸಿ ನೋಡಿದೆ. ಕೊಕ್ಕೆ. ಅಕ್ಕಿಕಾಳಿನಷ್ಟು. ಅದು ನನ್ನ ಬೆನ್ನಿನೊಳಗೆ ಹೋಗಿರಲೇ ಇಲ್ಲ. ಅಂಗೈಯಲ್ಲಿ ಇಟ್ಟುಕೊಂಡು ಅಜ್ಜಿಗೆ ತೋರಿಸಲು ಓಡಿದೆ. ಅವಳು ನನಗಾಗಿ ಎಣ್ಣೆ ಕಾಯಿಸುತ್ತ ಕೂತಿದ್ದಳು. ಬಾಗಿಲಲ್ಲಿ ನಿಂತೆ. ಆಮೇಲೆ ಹಿಂದೆ ಸರಿದು, ಬಚ್ಚಲ ಮಣ್ಣಿನ ಗೋಡೆಯಲ್ಲಿ, ಅರಪ್ಪಿನ ಡಬ್ಬಿ ಇಡುವ ಗೂಡಿನ ಹಿಂದೆ ಒಂದು ಬಿರುಕಿತ್ತಲ್ಲ, ಅದರೊಳಗೆ ತಳ್ಳಿಬಿಟ್ಟೆ.

ಮೊದಲ ಒಂದು ತಿಂಗಳು ದಿನವೂ, ಆಮೇಲೆ ಪ್ರತಿ ಶನಿವಾರ, ಅಜ್ಜಿ ನನ್ನ ಮೈಯಲ್ಲಿ ಸೂಜಿ ಹುಡುಕಿದಳು. ಅದು ಅವಳ ತಲೆಯ ಹಿಂದೆ, ಎರಡು ಮೊಳ ದೂರದ ಗೋಡೆಯಲ್ಲಿತ್ತು. ನಾನು ಸೂಜಿಯನ್ನು ಬೇಕಾದಲ್ಲಿಗೆ ನಡೆಸಿದೆ. ಬೆನ್ನು ತುರಿಸುತ್ತಿದ್ದರೆ ಬೆನ್ನಿನಲ್ಲಿ, ಕಾಲು ಸೋತಿದ್ದರೆ ಮೀನಖಂಡದಲ್ಲಿ. "ಅಲ್ಲೇ ಅಜ್ಜಿ, ಅಲ್ಲೇ" ಎಂದರೆ ಸಾಕು, ಅವಳ ಹೆಬ್ಬೆರಳು ಅಲ್ಲೇ ಇನ್ನಷ್ಟು ಹೊತ್ತು ನಿಲ್ಲುತ್ತಿತ್ತು. ಶಾಲೆಯಲ್ಲಿ ಡ್ರಿಲ್ ಇದ್ದ ದಿನ ಅದು ಮಂಡಿಗೆ ಬಂದಿರುತ್ತಿತ್ತು. ಒಮ್ಮೆ ಬೆಳಿಗ್ಗೆ ಬಲ ಮೊಣಕೈಯಲ್ಲಿದ್ದದ್ದು ಸಂಜೆ ಎಡಪಾದದಲ್ಲಿದೆ ಎಂದಾಗ ಅಣ್ಣ ಮಾತ್ರ ಅನುಮಾನದಿಂದ ನೋಡಿದ. "ರೈಲ್ ಪಿಡಿಚು ಪೋಚಾ?" ಎಂದ. ಅದೇನು ರೈಲು ಹತ್ತಿ ಹೋಯಿತಾ ಎಂದು. ಅಜ್ಜಿ ಅವನನ್ನೇ ಗದರಿದಳು.

ನಾನು ಕದಲದೆ ಕೂರಲೆಂದು ಅಜ್ಜಿ ಒಂದು ಆಟ ಕಟ್ಟಿದ್ದಳು. ಎಣ್ಣೆ ಬೆರಳಿನಲ್ಲಿ ಬೆನ್ನ ಮೇಲೆ ಒಂದು ಕನ್ನಡ ಅಕ್ಷರ ಬರೆಯುವುದು, ನಾನು ಯಾವುದೆಂದು ಹೇಳುವುದು. ಮೊದಲು ನೆಲದ ಮೇಲೆ ಬರೆದು ತೋರಿಸುತ್ತಿದ್ದಳು, ಆಮೇಲೆ ಬೆನ್ನೇ ಹಲಗೆ. ನಾನು ಓದಿದ್ದು ತಮಿಳು ಶಾಲೆಯಲ್ಲಿ. ನಮ್ಮ ಅಕ್ಕ, ಅಣ್ಣ, ತಮ್ಮ ಯಾರಿಗೂ ಕನ್ನಡ ಓದಲು ಬರುವುದಿಲ್ಲ. ಮೈಸೂರಿನ ಕಡೆಯಿಂದ ಮದುವೆಯ ಕಾಗದ ಬಂದರೆ ಈಗಲೂ ಫೋನು ಮಾಡಿ ನನ್ನನ್ನು ಕರೆಯುತ್ತಾರೆ. ಈಗ ನೀವು ಓದುತ್ತಿರುವ ಈ ಅಕ್ಷರಗಳನ್ನು ನಾನು ಕಲಿತದ್ದು ಬೆನ್ನಿನಿಂದ. ಮೂರನೆಯ ದಿನವೇ ನಿಜ ಹೇಳಿದ್ದರೆ ಇದನ್ನು ಬರೆಯಲು ನನಗೆ ಬರುತ್ತಿರಲಿಲ್ಲ.

ಇನ್ನೊಂದು ಲಾಭವೂ ಆಯಿತು. ಸೂಜಿ ಚುಚ್ಚಿದ ವರ್ಷ ತುಂಬುವ ಹೊತ್ತಿಗೆ, ಒಂದು ಶನಿವಾರ, ಅಜ್ಜಿಯ ಬೆರಳು ನನ್ನ ಕುತ್ತಿಗೆಯ ಪಕ್ಕದಲ್ಲಿ ನಿಂತಿತು. ನಾನು ಏನೂ ಹೇಳಿರಲಿಲ್ಲ. ಮತ್ತೆ ಮತ್ತೆ ಅಲ್ಲೇ ಒತ್ತಿದಳು. ಹುರುಳಿಕಾಳಿನಷ್ಟು ಒಂದು ಗಂಟು. ಸಿಕ್ಕಿತು ಊಸಿ ಎಂದುಕೊಂಡು ತಲೆಯಲ್ಲಿ ಅರಪ್ಪು ಇದ್ದಂತೆಯೇ ಟವೆಲು ಸುತ್ತಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅದು ಸೂಜಿಯಲ್ಲ, ಕ್ಷಯದ ಗಂಟು. ಪ್ರೈಮರಿ ಕಾಂಪ್ಲೆಕ್ಸ್ ಎಂದರು ಡಾಕ್ಟರು. ಇಷ್ಟು ಚಿಕ್ಕದಿರುವಾಗಲೇ ಯಾರಮ್ಮ ನೋಡಿದ್ದು ಎಂದು ಆಶ್ಚರ್ಯಪಟ್ಟರು. ತಿಂಗಳುಗಟ್ಟಲೆ ಇಂಜೆಕ್ಷನ್ನು, ಮಾತ್ರೆ, ವಾಕರಿಕೆ ಬರುವ ಮೀನೆಣ್ಣೆ ಎಲ್ಲ ಆಗಿ ನಾನು ಉಳಿದುಕೊಂಡೆ. ಇಲ್ಲದ ಸೂಜಿಯನ್ನು ಹುಡುಕುತ್ತ ಅವಳು ಇದ್ದ ರೋಗವನ್ನು ಹಿಡಿದಿದ್ದಳು.

ಮೀಸೆ ಮೂಡಿದ ಮೇಲೆ ಮೈ ಪೂರ್ತಿ ನೋಡುವುದು ನಿಂತು, ತಲೆಗೆ ಮತ್ತು ಬೆನ್ನಿಗೆ ಎಣ್ಣೆ ಹಚ್ಚುವುದಷ್ಟೇ ಉಳಿಯಿತು. ಅಮ್ಮ, ತಮ್ಮ, ಬಾಣಂತನಕ್ಕೆ ಬಂದ ಅಕ್ಕ, ಅವಳ ಮಗು, ಮನೆಯಲ್ಲಿ ಎಲ್ಲರ ಮೈಯನ್ನೂ ಅಜ್ಜಿ ಒತ್ತಿ ನೋಡುತ್ತಿದ್ದಳು. ಅವಳು ಮಾತ್ರ ಶುಕ್ರವಾರ ಎಲ್ಲರಿಗಿಂತ ಮುಂಚೆ ಎದ್ದು, ಬಚ್ಚಲ ಬಾಗಿಲು ಹಾಕಿಕೊಂಡು, ಕೈಗೆ ಎಟುಕುವಷ್ಟಕ್ಕೆ ಎಣ್ಣೆ ಹಚ್ಚಿಕೊಂಡು ಬಂದುಬಿಡುತ್ತಿದ್ದಳು. ಅವಳ ಬೆನ್ನಿಗೆ ಯಾರು ಹಚ್ಚುತ್ತಾರೆಂದು ನಾವು ಯಾರೂ ಯೋಚಿಸಲಿಲ್ಲ.

ನಾನು ಕೊಯಮತ್ತೂರಿನಲ್ಲಿ ಪಾಲಿಟೆಕ್ನಿಕ್ ಓದುತ್ತಿದ್ದಾಗ ಅವಳು ಒಲೆಯ ಮುಂದೆ ಕುಸಿದು ಬಿದ್ದಳು. ಎದೆಯಲ್ಲಿ ಗಂಟು. ಎಷ್ಟು ವರ್ಷದಿಂದ ಇತ್ತೋ, ಯಾರಿಗೂ ಹೇಳಿರಲಿಲ್ಲ. ಡಾಕ್ಟರು, ಇಷ್ಟು ದೊಡ್ಡದಾಗುವವರೆಗೆ ಮನೆಯಲ್ಲಿ ಯಾರೂ ನೋಡಲಿಲ್ಲವಾ ಎಂದು ಕೇಳಿದರು.

ಕೊನೆಯ ದಿನಗಳಲ್ಲಿ ಒಂದು ಶನಿವಾರ ಹಾಸ್ಟೆಲಿನಿಂದ ಬಂದು ಮಂಚದ ಪಕ್ಕ ಕೂತಿದ್ದೆ. "ತಿರುಗು ಕಣ್ಣು" ಎಂದಳು. ತಿರುಗಿದೆ. ಅಂಗಿಯ ಮೇಲಿನಿಂದಲೇ ಬೆನ್ನ ಮೇಲೆ ಕೈ ಇಟ್ಟಳು. ಒತ್ತಲು ಶಕ್ತಿ ಇರಲಿಲ್ಲ.

"ಊಸಿ ಎದೆ ಹತ್ರ ಹೋಗ್ಬಾರ್ದು. ಜಾಕ್ರತೆಯಾಗಿ ನೋಡ್ಕೊ. ನಾನ್ ಹೋದ್ಮೇಲೆ ನಿಂಗೆ ಯಾರ್ ನೋಡ್ತಾರೆ?"

ಸಾಯುವ ಹೊತ್ತಿನಲ್ಲಿ ಅವಳಿಗಿದ್ದ ಚಿಂತೆ ಅದು. ಆಗ ಹೇಳಬೇಕಿತ್ತು. ಹತ್ತೊಂಬತ್ತು ವರ್ಷದವನು ನಾನು, ಮಗುವಲ್ಲ. ಸೂಜಿ ಇಲ್ಲ ಅಜ್ಜಿ, ಎಂದೂ ಇರಲಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಹೇಳಿದರೆ ಆ ಕೈ ಬೆನ್ನಿನಿಂದ ಹೋಗಿಬಿಡುತ್ತದೆ ಎನಿಸಿತು. "ಅಲ್ಲೇ ಇದೆ ಅಜ್ಜಿ" ಎಂದೆ. ಅವಳು ಹ್ಞೂಂ ಎಂದು ಕೈಯನ್ನು ಅಲ್ಲೇ ಇಟ್ಟುಕೊಂಡಳು.

ಎಕ್ಸ್‌ರೇ ತೆಗೆದವನು ಎರಡು ಸಲ ನೋಡಿ, ತಲೆ ಅಲ್ಲಾಡಿಸಿದ. "ಒಣ್ಣುಮೇ ಇಲ್ಲೀಂಗ ಸಾರ್." ಏನೂ ಇಲ್ಲ. ವತ್ಸಲಾಳಿಗೆ ಒಪ್ಪಿಗೆಯಾಗಲಿಲ್ಲ. ಸರಿಯಾಗಿ ನೋಡಿ, ಎಡಗಡೆ ನೋಡಿ, ಸೊಂಟದ ಹತ್ತಿರ ಇಳಿದಿರಬಹುದು ಎಂದು ಅವನಿಗೇ ದಾರಿ ತೋರಿಸಿದಳು. ಕೊನೆಗೆ, ಇಷ್ಟು ವರ್ಷದಲ್ಲಿ ತುಕ್ಕು ಹಿಡಿದು ಕರಗಿಹೋಗಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ನನಗೆ ಇಲ್ಲವೆಂದು ಗೊತ್ತಿದ್ದರೂ ಆ ಬರಿಯ ಬೆನ್ನಿನ ಚಿತ್ರ ನೋಡಿ ಸಂಕಟವಾಯಿತು. ಒಂದು ಕ್ಷಣ, ಇದ್ದಿದ್ದರೆ ಚೆನ್ನಾಗಿತ್ತು ಎನಿಸಿತು.

ಮತ್ತೆ ಫಾರಂ. ಮನೆಯಲ್ಲಿ ಯಾರಿಗಾದರೂ ಗಂಟಿನ ಕಾಯಿಲೆ ಇತ್ತೇ ಎಂದು ಹುಡುಗಿ ಕೇಳಿದಳು. ಅಜ್ಜಿಗೆ ಎಂದೆ. ಬರೆದುಕೊಂಡಳು. ಗಡಿಯಾರ, ಉಂಗುರ, ಬೆಲ್ಟು, ಉಡಿದಾರದ ಬೆಳ್ಳಿಗುಂಡು, ಕನ್ನಡಕ ಎಲ್ಲ ಬಿಚ್ಚಿ ವತ್ಸಲಾಳ ಕೈಗೆ ಕೊಟ್ಟೆ. ಅವಳು ಅದನ್ನೆಲ್ಲ ಕರ್ಚೀಫಿನಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡು ಬೆಂಚಿನಲ್ಲಿ ಕೂತಳು. ಕೂರುವಾಗ ಒಂದು ಕೈ ಸೊಂಟಕ್ಕೆ ಹೋಯಿತು. ಕನ್ನಡಕ ಇಲ್ಲದಿದ್ದರೂ ಅಷ್ಟು ಕಂಡಿತು.

ಆ ಯಂತ್ರದೊಳಗೆ ಮುಕ್ಕಾಲು ಗಂಟೆ ಮಲಗಿದ್ದೆ. ಕಿವಿಗೆ ಹತ್ತಿ ತುರುಕಿದ್ದರು. ಆದರೂ ಮಗ್ಗದ ಮನೆಯ ಪಕ್ಕದಲ್ಲಿ ಮಲಗಿದ ಹಾಗೆ ಟಕ ಟಕ ಟಕ. ಉಸಿರು ಹಿಡಿಯಿರಿ, ಬಿಡಿ ಎಂದು ಎಲ್ಲಿಂದಲೋ ಒಂದು ದನಿ. ಅದು ನನ್ನ ನೆತ್ತಿಯಿಂದ ಶುರುಮಾಡಿ ಕುತ್ತಿಗೆ, ಎದೆ, ಹೊಟ್ಟೆ, ತೊಡೆ ಎಂದು ಇಳಿಯುತ್ತ ಬಂತು. ಅಜ್ಜಿಯದೂ ಹೆಚ್ಚು ಕಡಿಮೆ ಇದೇ ದಾರಿ. ಅವಳಿಗೆ ಕಾಣದ್ದನ್ನೆಲ್ಲ ಇದು ಕಾಣುತ್ತದೆ, ಸಂಶಯವಿಲ್ಲ. ಅವಳ ಕಾಲದಲ್ಲಿ ಇದ್ದಿದ್ದರೆ, ಅವಳನ್ನು ಇದರಲ್ಲಿ ಮಲಗಿಸಿದ್ದರೆ, ಇನ್ನೂ ಹತ್ತು ವರ್ಷ ನಮ್ಮ ಜೊತೆ ಇರುತ್ತಿದ್ದಳೋ ಏನೋ. ಆದರೆ ಅಷ್ಟು ಹೊತ್ತಿನಲ್ಲಿ ಅದು ಒಂದು ಸಲವೂ ಇಲ್ಲಿ ನೋಯುತ್ತದಾ ಎಂದು ಕೇಳಲಿಲ್ಲ. ನನಗೆ ಅಳು ಬಂತು. ಒರೆಸಿಕೊಳ್ಳುವ ಹಾಗಿಲ್ಲ, ಅಲ್ಲಾಡಿದರೆ ಚಿತ್ರ ಕೆಡುತ್ತದೆ ಎಂದಿದ್ದರು.

ಸಂಜೆ ರಿಪೋರ್ಟು ಬಂತು. ಲಿವರಿನಲ್ಲಿ ಒಂದು ನೀರುಗುಳ್ಳೆ, ಅದರ ಪಾಡಿಗೆ ಅದಿರಲಿ ಎಂದರು. ಬೆನ್ನುಮೂಳೆ ಎರಡು ಕಡೆ ಸವೆದಿದೆ, ನಿಂತು ನಿಂತು ಬಟ್ಟೆ ನೋಡಿದ್ದರ ಫಲ. ಉಳಿದಂತೆ ಎಲ್ಲ ಸರಿ. ವತ್ಸಲಾ ಗಣಪತಿಗೆ ತೆಂಗಿನಕಾಯಿ ಹರಸಿಕೊಂಡಿದ್ದಳಂತೆ. ಆಟೋದಲ್ಲಿ ಬರುವಾಗ, ನಿನಗೂ ಒಂದು ಸಲ ನೋಡಿಸಬೇಕು ಎಂದೆ. "ಕಂಪನಿ ಏರ್ಪಾಡು ನಿಮಗೆ ಮಾತ್ರ ತಾನೇ. ನನಗೇನಾಗಿದೆ?" ಎಂದಳು. ನಮ್ಮ ಅಜ್ಜಿಯೂ ಹಾಗೆಯೇ ಅನ್ನುತ್ತಿದ್ದಳು.

ಮರುದಿನ ಶುಕ್ರವಾರ. ಕಂಪನಿಗೆ ರಜೆ ಹೇಳಿ, ನಾನೇ ಎಳ್ಳೆಣ್ಣೆ ಕಾಯಿಸಿದೆ. ಬಟ್ಟಲು ಹಿಡಿದು ಬಂದವನನ್ನು ಕಂಡು ವತ್ಸಲಾ ಗಾಬರಿಯಾದಳು.

"ಏನ್ರೀ ಇದು?"

"ಕೂತ್ಕೋ. ಊಸಿ ಹುಡುಕ್ಬೇಕು."

"ಸೂಜಿ ಅನ್ನಿ. ಯಾರ ಸೂಜಿ?"

ಮಣೆ ಹಾಕಿ ಕೂರಿಸಿದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಬೆನ್ನಿಗೆ ನಾನು ಎಣ್ಣೆ ಹಚ್ಚಿದ್ದು ಅದೇ ಮೊದಲು. ಹೆಗಲಿನಿಂದ ಶುರುಮಾಡಿ, ಹೆಬ್ಬೆರಳಿನಲ್ಲಿ ಒತ್ತುತ್ತ, ಕಾಲರಿನಲ್ಲಿ ಸಿಕ್ಕ ಕೊಕ್ಕೆಯ ಕಥೆ ಪೂರ್ತಿ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. "ಅಜ್ಜಿಗೆ ಕೊನೆಗೂ ಹೇಳಲೇ ಇಲ್ವಾ?" ಎಂದಳು.

"ಇಲ್ಲ."

ನನ್ನ ಬೆರಳು ಪಕ್ಕೆ, ಕಂಕುಳು ದಾಟಿ, ಏನೂ ತಡೆಯದೆ, ಸೊಂಟದ ಮೇಲಕ್ಕೆ ಬಂದಿತ್ತು. "ಇಲ್ಲಿ ನೋಯ್ತದಾ?" ಎಂದು ಕೇಳಿದೆ. ನೋವು ಅಲ್ಲಿರಲಿಲ್ಲ. ಇನ್ನೂ ಒಂದು ಗೇಣು ಕೆಳಗೆ, ಎಡಕ್ಕೆ, ನಿನ್ನೆ ಬೆಂಚಿನಲ್ಲಿ ಅವಳು ಕೈಯಿಟ್ಟುಕೊಂಡದ್ದನ್ನು ನಾನು ನೋಡಿದ್ದೆ.

ವತ್ಸಲಾ ತಲೆ ಬಗ್ಗಿಸಿಕೊಂಡೇ ಹೇಳಿದಳು. "ಹ್ಞೂಂ. ಅಲ್ಲೇ."